ಕೆಳಗಿನ ಜರಡಿ

ಅವಳನ್ನು ಎಲ್ಲರೂ ಜರಡಿಯಕ್ಕ ಎಂದೇ ಕರೆಯುತ್ತಿದ್ದರು. ಕಾಳಿನ ಬೆಳೆಗಳ ಸಂಶೋಧನಾ ಕೇಂದ್ರದ ಹಿಂಬದಿಯಲ್ಲಿ, ನೀರಿನ ಟ್ಯಾಂಕಿಗೆ ಒತ್ತಿಕೊಂಡಂತೆ ನಿಂತ ತಗಡಿನ ಶೆಡ್ಡಿನಲ್ಲಿ ಅವಳ ಕೆಲಸ. ಏನು ಕೆಲಸ ಎಂದು ಯಾರಾದರೂ ಕೇಳಿದರೆ "ಬೇರು ತೊಳೆಯೋದು" ಎನ್ನುತ್ತಿದ್ದಳು. ಕೇಳಿದವರಿಗೆ ನಗು. ಪಾತ್ರೆ ತೊಳೆಯುವವರಿದ್ದಾರೆ, ಬಟ್ಟೆ ಒಗೆಯುವವರಿದ್ದಾರೆ, ಬೇರು ತೊಳೆಯುವುದಕ್ಕೂ ಒಬ್ಬರು ಬೇಕೇ ಎಂದು. ನಗುವವರು ನಗಲಿ. ಒಂದೇ ಒಂದು ಅಲಸಂದೆ ಗಿಡದ ಬೇರನ್ನು ತುದಿ ಮುರಿಯದಂತೆ ಮಣ್ಣಿನಿಂದ ಬಿಡಿಸಿ ತೋರಿಸಲಿ, ಆಮೇಲೆ ಎಷ್ಟು ಬೇಕಾದರೂ ನಗಲಿ.

ಅಲಸಂದೆಯನ್ನು ಅಲ್ಲಿ ಹೊಲದಲ್ಲಿ ಬೆಳೆಸುತ್ತಿರಲಿಲ್ಲ, ಆಳೆತ್ತರದ ಪ್ಲಾಸ್ಟಿಕ್ ಪೈಪುಗಳಲ್ಲಿ ಬೆಳೆಸುತ್ತಿದ್ದರು. ಪೈಪನ್ನು ಉದ್ದಕ್ಕೆ ಸೀಳಿ, ಮತ್ತೆ ಜೋಡಿಸಿ ತಂತಿಯಿಂದ ಬಿಗಿದು, ಒಳಗೆ ಮಣ್ಣನ್ನೂ ಸಣ್ಣ ಹರಳುಕಲ್ಲನ್ನೂ ತುಂಬಿ, ಮೇಲೊಂದು ಬೀಜ. ಗಿಡ ಒಂದು ಹಂತಕ್ಕೆ ಬಂದ ಮೇಲೆ ಅರ್ಧ ಪೈಪುಗಳಿಗೆ ಎಂದಿನಂತೆ ನೀರು, ಇನ್ನರ್ಧಕ್ಕೆ ಒಂದು ಹನಿಯೂ ಇಲ್ಲ. ಬೇಕೆಂದೇ ಒಣಗಿಸುವುದು. ಮೊದಮೊದಲು ಜರಡಿಯಕ್ಕನಿಗೆ ಇದು ಪಾಪದ ಕೆಲಸ ಎನಿಸಿತ್ತು. ಒಣ ಪೈಪುಗಳನ್ನು ಬಿಚ್ಚಿ ಒಳಗೆ ನೋಡಿದ ಮೇಲೆ ಆ ಗಿಡಗಳ ಮೇಲೆ ಒಂದು ಬಗೆಯ ಗೌರವವೇ ಬಂತು. ಮೇಲೆ ಎಲೆ ಮುದುಡಿ, ನೋಡಿದವರು ಅಯ್ಯೋ ಎನ್ನುವಂತಿದ್ದರೂ ಕೆಳಗೆ ಬೇರು ತನ್ನ ಪಾಡಿಗೆ ತಾನು ಲೆಕ್ಕಾಚಾರ ಹಾಕಿರುತ್ತಿತ್ತು. ಮೇಲ್ಮಣ್ಣಿನ ಎಳೆಗಳನ್ನು ಸಾಯಲು ಬಿಟ್ಟು, ಇದ್ದ ಶಕ್ತಿಯನ್ನೆಲ್ಲ ಒಂದೆರಡು ಬೇರಿಗೆ ಕೊಟ್ಟು, ತೇವ ಎಲ್ಲಿದೆಯೋ ಅಲ್ಲಿಗೆ, ಪೈಪಿನ ತಳದವರೆಗೆ ಇಳಿದಿರುತ್ತಿತ್ತು. ಎಲ್ಲ ತಳಿಗಳೂ ಹಾಗಲ್ಲ. ಕೆಲವು ಮೇಲೆಯೇ ಕೈಚೆಲ್ಲಿ ಕೂತಿರುತ್ತಿದ್ದವು.

ಶೆಡ್ಡಿನ ಉಸ್ತುವಾರಿ ಹೊತ್ತ ವಿಜ್ಞಾನಿ ಮೇಡಂಗೆ ಬೇರಿನ ಉದ್ದಕ್ಕಿಂತ ಹೆಚ್ಚಿನ ಚಿಂತೆ ಬೇರಿನ ಗಂಟುಗಳದು. ಕಾಳಿನ ಗಿಡಗಳ ಬೇರಿಗೆ ಅಂಟಿಕೊಂಡು ಸಣ್ಣ ಸಣ್ಣ ಗಂಟುಗಳಿರುತ್ತವೆ. ಅವುಗಳೊಳಗೆ ಕಣ್ಣಿಗೆ ಕಾಣದ ಜೀವಿಗಳು ಕೂತು ಗಾಳಿಯಿಂದ ಗಿಡಕ್ಕೆ ಗೊಬ್ಬರ ಮಾಡಿಕೊಡುತ್ತವೆ. ಗಿಡ ಅವಕ್ಕೆ ಸಕ್ಕರೆ ಕೊಡುತ್ತದೆ. "ಬಾಡಿಗೆದಾರರು ಇದ್ದ ಹಾಗೆ ಅಕ್ಕ," ಎಂದು ಜರಡಿಯಕ್ಕ ಕೆಲಸಕ್ಕೆ ಸೇರಿದ ಹೊಸದರಲ್ಲೇ ಮೇಡಂ ವಿವರಿಸಿದ್ದಳು. "ಬರ ಬಂದಾಗ ಮನೆಯವರಿಗೇ ಊಟಕ್ಕಿಲ್ಲ ಅಂದ್ಮೇಲೆ ಬಾಡಿಗೆದಾರರನ್ನ ಹೊರಗೆ ಹಾಕ್ತಾರಲ್ಲ, ಹಾಗೆ ಗಿಡ ಗಂಟು ಉದುರಿಸಿಬಿಡುತ್ತೆ. ಉಗುರಲ್ಲಿ ಒಡೆದು ನೋಡಿ. ಒಳಗೆ ಗುಲಾಬಿ ಬಣ್ಣ ಇದ್ರೆ ಜೀವ ಇದೆ ಅಂತ. ಕಂದು ಬಣ್ಣಕ್ಕೆ ತಿರುಗಿ ಟೊಳ್ಳಾಗಿದ್ರೆ ಗಿಡಾನೇ ಕೈಬಿಟ್ಟಿದೆ ಅಂತ." ನೀರಿಲ್ಲದಾಗಲೂ ಗಂಟನ್ನು ಕೈಬಿಡದ ತಳಿ ಯಾವುದು ಎಂದು ಹುಡುಕುವುದೇ ಮೇಡಂ ಹಿಡಿದ ಕೆಲಸ. ಈ ಸಲ ಅವಳು ಒಂದು ತಳಿಯ ಮೇಲೆ ಆಸೆ ಇಟ್ಟಿದ್ದಳು. ಬೀಜದ ಮೇಲೆ ಚುಕ್ಕೆಗಳಿದ್ದುದರಿಂದ ಶೆಡ್ಡಿನಲ್ಲಿ ಅದರ ಹೆಸರು ಚುಕ್ಕೆ.

ತೊಳೆಯುವುದು ಇಬ್ಬರ ಕೆಲಸ. ಬಿಚ್ಚಿದ ಪೈಪನ್ನು ಓರೆ ಮೇಜಿನ ಮೇಲೆ ಮಲಗಿಸಿ ಒಬ್ಬಳು ಮೇಲಿನಿಂದ ನೀರು ಬಿಡಬೇಕು. ಇನ್ನೊಬ್ಬಳು ಕೆಳಗಿನ ತಟ್ಟೆಯಲ್ಲಿ ಬೇರನ್ನು ತೇಲಿಸಿ ಬೆರಳಿನಿಂದ ಬಿಡಿಸಿಕೊಳ್ಳಬೇಕು. ತಟ್ಟೆಯ ಕೆಳಗೊಂದು ಸಣ್ಣ ಕಣ್ಣಿನ ಜರಡಿ. ಬೇರಿನಿಂದ ಕಳಚಿದ ಗಂಟು, ಚೂರು, ಎಲ್ಲ ಅದರಲ್ಲಿ ನಿಲ್ಲುತ್ತದೆ, ಹರಳಿನ ಜೊತೆ. ಅದನ್ನು ಹೆಕ್ಕಿ ಆ ಗಿಡದ ಬಟ್ಟಲಿಗೇ ಸೇರಿಸಬೇಕು. ಕಂದು ನೀರಿನಲ್ಲಿ ಕಣ್ಣು ಕೆಲಸಕ್ಕೆ ಬಾರದು. ಹರಳು ಗಟ್ಟಿ, ಗಂಟು ಒತ್ತಿದರೆ ಕೊಂಚ ಬಗ್ಗುತ್ತದೆ, ಅಷ್ಟೇ ವ್ಯತ್ಯಾಸ. ಜರಡಿಯಕ್ಕ ಅದನ್ನು ಪಕ್ಕದ ಮನೆಯವರ ಜಗಳದ ಕಥೆ ಹೇಳುತ್ತಾ, ಕಿಟಕಿಯಾಚೆ ನೋಡುತ್ತಾ ಹೆಕ್ಕುತ್ತಿದ್ದಳು. ಅವಳ ಹೆಸರೇ ಆ ಜರಡಿಯಿಂದ ಬಂದದ್ದು.

ನೀರು ಬಿಡುವವಳು ಅವಳ ನಾದಿನಿ, ಗಂಡನ ತಂಗಿ. ಬಾಯಿ ಜೋರು, ಕೈ ಇನ್ನೂ ಜೋರು. ಮಿಠಾಯಿ ಅಂಗಡಿಯಲ್ಲಿ, ಲಾಂಡ್ರಿಯಲ್ಲಿ, ದಂತವೈದ್ಯರ ಬಾಗಿಲಲ್ಲಿ, ಎಲ್ಲ ಕಡೆ ಕೆಲಸ ಮಾಡಿ, ಎಲ್ಲ ಕಡೆಯೂ ಯಾರಿಗೋ ಮುಖದ ಮೇಲೆ ಹೊಡೆದ ಹಾಗೆ ಮಾತಾಡಿ ಹೊರಬಿದ್ದಿದ್ದಳು. ಅತ್ತಿಗೆಯ ಕೈಕಾಲು ಹಿಡಿದು ಇಲ್ಲಿಗೆ ಬಂದ ಮೇಲೆಯೇ ಒಂದು ಕಡೆ ನೆಲೆ ನಿಂತದ್ದು. ಬೇರುಗಳಿಗೆ ಬೈದರೂ ಅವು ದೂರು ಕೊಡುವುದಿಲ್ಲವಲ್ಲ. ಅವಳು ನಲ್ಲಿ ತಿರುಗಿಸಿದ ಕೂಡಲೇ ಜರಡಿಯಕ್ಕನ ಮಂತ್ರ ಶುರುವಾಗುತ್ತಿತ್ತು: "ಮೆಲ್ಲಗೆ ಕಣೇ. ಬಟ್ಟೆ ಒಗೀತಿದೀಯಾ?" ಇಬ್ಬರಿಗೂ ಇದು ಊಟಕ್ಕೆ ಉಪ್ಪಿನಷ್ಟು ರೂಢಿ.

ಬೆರಳಿನ ಸಂಗತಿ ಈ ಬೆಳೆಯ ಹೊತ್ತಿಗೆ ಶುರುವಾಯಿತು. ಮೊದಲು ತುದಿ ಜೋಮು ಹಿಡಿದಂತೆ. ತಣ್ಣೀರಿನಲ್ಲಿ ಕೈ ಇಟ್ಟರೆ ಯಾರಿಗಾದರೂ ಹಾಗಾಗುತ್ತದೆ ಎಂದುಕೊಂಡಳು. ಆಮೇಲೆ ರವಿಕೆಯ ಗುಂಡಿ ಹಾಕುವುದು ಕಷ್ಟವಾಯಿತು. ಸೂಜಿಗೆ ದಾರ ಪೋಣಿಸುವಾಗ ದಾರ ಬೆರಳ ನಡುವೆ ಇದೆಯೋ ಇಲ್ಲವೋ ಎಂದು ನೋಡಿಯೇ ತಿಳಿಯಬೇಕಾಯಿತು. ಚಳಿ ಹೋಗಿ ಬಿಸಿಲು ಬಂದರೂ ಜೋಮು ಹೋಗಲಿಲ್ಲ. ಆಗ ಅವಳಿಗೆ ಭಯವಾಯಿತು, ಬಾಯಿಬಿಟ್ಟು ಹೇಳಲಾರದಂಥ ಭಯ. ಬೆರಳು ಹೋದ ಮೇಲೆ ಜರಡಿಯಕ್ಕ ಎಲ್ಲಿ ಉಳಿದಳು? ಬೇರೆ ಯಾವ ಕೆಲಸವನ್ನೂ ಅವಳು ಕಲಿತಿರಲಿಲ್ಲ, ಕಲಿಯಬೇಕೆಂದು ಅನಿಸಿಯೂ ಇರಲಿಲ್ಲ. ಆದ್ದರಿಂದ ಅವಳು ಎಲ್ಲರೂ ಮಾಡುವ ದಡ್ಡತನವನ್ನೇ ಮಾಡಿದಳು. ಏನೂ ಆಗಿಲ್ಲ ಎಂಬಂತೆ ಇದ್ದಳು. ಜರಡಿಯಲ್ಲಿ ಮೊದಲಿನಂತೆಯೇ ಬೆರಳಾಡಿಸುತ್ತಿದ್ದಳು, ಕೈಗೆ ಸಿಕ್ಕಿದ್ದನ್ನು ಬಟ್ಟಲಿಗೆ ಹಾಕುತ್ತಿದ್ದಳು, ಉಳಿದದ್ದನ್ನು ಗೋಡೆಯಾಚೆಯ ಕಸದ ಗುಂಡಿಗೆ ಬಡಿಯುತ್ತಿದ್ದಳು. ಬಡಿಯುವಾಗ ಒಳಗೆ ನೋಡುತ್ತಿರಲಿಲ್ಲ.

ಒಣ ಪೈಪುಗಳನ್ನು ತೊಳೆಯುವ ಸರದಿ ಬಂದ ಮೇಲೆ ಮೇಡಂ ದಿನಾ ಬಂದು ಬಟ್ಟಲುಗಳನ್ನು ನೋಡತೊಡಗಿದಳು. ಒಂದು ಬೆಳಿಗ್ಗೆ ಚುಕ್ಕೆಯ ಬಟ್ಟಲುಗಳ ಮುಂದೆ ಬಹಳ ಹೊತ್ತು ನಿಂತಳು.

"ಅಕ್ಕ, ಚುಕ್ಕೆಗೆ ಗಂಟೇ ಇಲ್ವಲ್ಲ."

"ಬಂದಷ್ಟು ಹಾಕಿದೀವಿ ಮೇಡಂ," ಎಂದಳು ಜರಡಿಯಕ್ಕ.

"ನೀರು ನಿಲ್ಲಿಸೋ ಮುಂಚೆ ಒಂದು ಪೈಪ್ ಬಿಚ್ಚಿ ನೋಡಿದ್ವಲ್ಲ, ಆಗ ಗೊಂಚಲು ಗೊಂಚಲು ಇತ್ತು. ಈಗ ಹತ್ತಿಪ್ಪತ್ತೂ ಇಲ್ಲ." ಮೇಡಂ ಬೇರನ್ನು ಎತ್ತಿ ಬೆಳಕಿಗೆ ಹಿಡಿದಳು. "ಒಣಗಿದ ಗಿಡದಲ್ಲಿ ಗಂಟಿನ ಹಿಡಿತ ಸಡಿಲ ಆಗಿರುತ್ತೆ. ಮುಟ್ಟಿದ್ರೆ ಕಳಚುತ್ತೆ. ಗಿಡ ಉದುರಿಸ್ತೋ, ನಾವು ಉದುರಿಸಿದ್ವೋ ಗೊತ್ತಾಗ್ತಿಲ್ಲ. ನೀರು ಜೋರಾಗಿ ಜರಡಿ ಉಕ್ಕಿ ಹೋಗ್ತಿದೆಯಾ?"

ಇಷ್ಟು ಹೇಳಿ ಅವಳು ನಾದಿನಿಯ ಕೈಯಲ್ಲಿದ್ದ ನೀರಿನ ಕೊಳವೆಯನ್ನು ನೋಡಿದಳು. ಜರಡಿಯಕ್ಕನೂ ಅದನ್ನೇ ನೋಡಿದಳು. ಯಾಕೆ ನೋಡಿದೆ ಎಂದು ಆಮೇಲೆ ಎಷ್ಟು ಸಲ ತನ್ನನ್ನೇ ಬೈದುಕೊಂಡಳೋ.

"ನಾನು ಮೆಲ್ಲಗೇ ಬಿಡ್ತಿದೀನಿ," ಎಂದಳು ನಾದಿನಿ. ದನಿ ಎಂದಿನಂತೆ ಜೋರಾಗಿ ಶುರುವಾಗಿ ಕೊನೆಗೆ ಇಳಿದುಹೋಯಿತು.

"ನಿಮ್ಮ ಅತ್ತಿಗೆ ದಿನಾ ಹೇಳೋದನ್ನ ನಾನೂ ಕೇಳಿದೀನಮ್ಮ. ಈ ವಾರ ನೋಡ್ತೀನಿ. ಇನ್ನೂ ಹೀಗೇ ಆದ್ರೆ ನೀರಿಗೆ ಬೇರೆಯವರನ್ನ ಹಾಕ್ಬೇಕಾಗುತ್ತೆ. ಈ ತಳಿ ಕೈತಪ್ಪಿದ್ರೆ ನನ್ನ ಕೆಲಸ ಎಲ್ಲ ನೀರಲ್ಲಿ ಹೋಮ ಮಾಡಿದ ಹಾಗೆ."

ಮೇಡಂ ಹೋದ ಮೇಲೆ ಜರಡಿಯಕ್ಕ ತೊಳೆದ ತಟ್ಟೆಯನ್ನೇ ಮತ್ತೆ ತೊಳೆದಳು. ಹೇಳಬೇಕಿತ್ತು, ಆಗಲೇ, ಅಲ್ಲೇ. ಆದರೆ ಏನೆಂದು ಹೇಳುವುದು? ಗಿಡವೇ ಉದುರಿಸಿರಬಹುದು. ಬೇರೆ ತಳಿಗಳೂ ಉದುರಿಸಿವೆಯಲ್ಲ. ನಾದಿನಿಯ ನೀರೂ ಇರಬಹುದು, ಅವಳೇನು ಕಡಿಮೆಯವಳೇ? ಹೀಗೆ ಮನಸ್ಸು ಅಡ್ಡಗೋಡೆಯ ಮೇಲೆ ದೀಪ ಇಟ್ಟು ಕೂತಿತು. ನಿಜ ತಿಳಿಯುವ ದಾರಿ ಅವಳ ಕಾಲಬುಡದಲ್ಲೇ ಇತ್ತು. ಕೆಳಗಿನ ಜರಡಿಯಲ್ಲಿ ಉಳಿದದ್ದನ್ನು ಬೆಳಕಿಗೆ ತಂದು ಒಂದೊಂದಾಗಿ ಒಡೆದು ನೋಡಿದರೆ ಸಾಕು. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಜರಡಿಯನ್ನು ಮೊದಲಿಗಿಂತ ಬೇಗ ಬೇಗ ಬಡಿದು ಬರತೊಡಗಿದಳು.

ನಾದಿನಿ ಮಾತ್ರ ಆ ದಿನದಿಂದ ಬೇರೆಯೇ ಹೆಂಗಸಾದಳು. ನಲ್ಲಿಯನ್ನು ಎಳೆ ಎಳೆಯಾಗಿ ಬೀಳುವಷ್ಟೇ ತೆರೆಯುತ್ತಿದ್ದಳು. ಒಂದು ಪೈಪು ತೊಳೆಯಲು ಅರ್ಧ ದಿನ. ಉಸಿರು ಬಿಟ್ಟರೆ ಎಲ್ಲಿ ಗಂಟು ಉದುರುತ್ತದೋ ಎಂಬಂತೆ ಬಾಯಿ ಬಿಗಿದು ನಿಲ್ಲುತ್ತಿದ್ದಳು. ಗಳಿಗೆಗೊಮ್ಮೆ, "ಸರಿ ಇದೆಯಾ ಅತ್ತಿಗೆ?" ಎಂದು ಕೇಳುತ್ತಿದ್ದಳು. "ಇನ್ನೂ ಕಮ್ಮಿ ಮಾಡ್ಲಾ?" ಎನ್ನುತ್ತಿದ್ದಳು. ಅವಳು ಜಗಳವಾಡಿದ್ದರೆ ಜರಡಿಯಕ್ಕನಿಗೆ ಎಷ್ಟೋ ಹಾಯಾಗುತ್ತಿತ್ತು. ಈ ವಿಧೇಯತೆಯನ್ನು ನೋಡಲಾಗುತ್ತಿರಲಿಲ್ಲ. ನೀರು ಇಷ್ಟು ಕಮ್ಮಿಯಾದರೂ ಬಟ್ಟಲಿಗೆ ಬಂದ ಗಂಟು ಅಷ್ಟೇ. ಅಂದರೆ ನೀರಲ್ಲ. ಉಳಿದದ್ದು ಎರಡೇ: ಗಿಡ, ಇಲ್ಲವೇ ಅವಳ ಬೆರಳು.

ಅಂಥದೊಂದು ದಿನದ ಸಂಜೆ ನಾದಿನಿ ಮಹಡಿಯ ತನ್ನ ಕೋಣೆಯಿಂದ ಇಳಿದು ಅಣ್ಣನ ಮನೆಯ ಅಡುಗೆಕೋಣೆಯಲ್ಲಿ ಕೂತಳು. ಅಣ್ಣ ಸೈಕಲ್ ರಿಪೇರಿಯವನು, ಕೈಯಲ್ಲಿ ಗ್ರೀಸು, ಬಾಯಲ್ಲಿ ಚೇಷ್ಟೆ, ಎರಡೂ ಎಷ್ಟು ತೊಳೆದರೂ ಹೋಗುವಂಥವಲ್ಲ.

"ಅಣ್ಣ, ನನ್ನ ಕೈಗುಣಾನೇ ಸರಿಯಿಲ್ಲ ಅನ್ಸುತ್ತೆ," ಎಂದಳು ನಾದಿನಿ. "ಎಲ್ಲಿ ಹೋದ್ರೂ ಏನೋ ಒಂದು ಒಡೀತೀನಿ."

"ಕೈ ಸರಿಯಾಗೇ ಇದೆ ಬಿಡು, ಬಾಯಿಗೆ ಒಂದು ಬ್ರೇಕ್ ಹಾಕಿಸ್ಬೇಕು. ಅಂಗಡಿಗೆ ಬಾ, ಹಾಕ್ಕೊಡ್ತೀನಿ."

ಅವಳು ನಗಲಿಲ್ಲ. ಜರಡಿಯಕ್ಕ ಒಲೆಯ ಕಡೆ ಮುಖ ಮಾಡಿ ಚಹಾದ ಕೆಟಲು ಎತ್ತಿದಳು, ಮೂರು ಲೋಟಕ್ಕೂ ಸುರಿದಳು, ಕೆಳಗಿಟ್ಟಳು.

"ಏನೇ ಅದು?" ಎಂದ ಗಂಡ. "ಹಿಡಿ ಕೆಂಡದ ಹಾಗೆ ಕಾದಿದೆ. ಬಟ್ಟೆ ಇಲ್ದೆ ಹಿಡ್ಕೊಂಡೆ. ಕೈ ತೋರಿಸು."

ಅವಳು ನೋಡಿದಳು. ಎರಡು ಬೆರಳ ತುದಿ ಬೆಳ್ಳಗಾಗಿ ಉಬ್ಬಿದ್ದವು. ಉರಿ ಇರಲಿಲ್ಲ.

"ಗೊತ್ತಾಗ್ಲಿಲ್ಲ," ಎಂದುಬಿಟ್ಟಳು. ಮಾತು ಬಾಯಿಂದ ಜಾರಿದ ಮೇಲೆ, "ಏನೋ ಯೋಚನೇಲಿದ್ದೆ ಕಣ್ರೀ," ಎಂದು ಸೇರಿಸಿದಳು.

ಗಂಡ ಇದಕ್ಕೂ ಒಂದು ಚಟಾಕಿ ಹಾರಿಸಬೇಕಿತ್ತು. ಹಾರಿಸಲಿಲ್ಲ. ಅವಳ ಬೆರಳನ್ನೇ ನೋಡುತ್ತಿದ್ದು, ಆಮೇಲೆ ಮುಲಾಮು ತರಲು ಎದ್ದ. ನಾದಿನಿ ತನ್ನ ಚಿಂತೆಯಲ್ಲೇ ಮುಳುಗಿ ಲೋಟ ತಿರುಗಿಸುತ್ತಾ ಕೂತಿದ್ದಳು.

ಬೆಳಿಗ್ಗೆ ಜರಡಿಯಕ್ಕ ಚಹಾ ಇಡಲು ಹೋದರೆ ಕೆಟಲಿನ ಹಿಡಿಗೆ ಹಳೆಯ ಸೈಕಲ್ ಟ್ಯೂಬು ಸುತ್ತಿತ್ತು. ಒತ್ತೊತ್ತಾಗಿ, ಅಂಗಡಿಯಲ್ಲಿ ಹ್ಯಾಂಡಲಿಗೆ ಸುತ್ತುವಷ್ಟು ನೀಟಾಗಿ. ಗಂಡ ಆಗಲೇ ಅಂಗಡಿಗೆ ಹೋಗಿಯಾಗಿತ್ತು. ಅವಳು ಆ ಹಿಡಿಯನ್ನು ಹಿಡಿದುಕೊಂಡೇ ನಿಂತಳು. ಅವನಿಗೆ ಎಲ್ಲ ಗೊತ್ತಾಗಿದೆ, ಕೇಳಿ ತನ್ನ ಬಾಯಿಂದ ಸುಳ್ಳು ಹೇಳಿಸುವುದು ಬೇಡವೆಂದು ಹೀಗೆ ಮಾಡಿದ್ದಾನೆ. ಅವಳಿಗೆ ಅಳು ಬಂತು. ಮುಚ್ಚಿಟ್ಟಿದ್ದೇನೆ ಎಂದುಕೊಂಡದ್ದು ಇಷ್ಟು ಸುಲಭವಾಗಿ ಕಾಣುವುದಾದರೆ, ಕಾಣಬಾರದೆಂದು ಹಟ ಹಿಡಿದವಳು ತಾನೊಬ್ಬಳೇ.

ಆ ದಿನ ಶೆಡ್ಡಿನಲ್ಲಿ ಮೊದಲು ಬಿಚ್ಚಿದ್ದು ಚುಕ್ಕೆಯದೇ ಒಂದು ಒಣ ಪೈಪು. ಬೇರು ತಳ ಮುಟ್ಟಿ, ಅಲ್ಲಿ ಜಾಗ ಸಾಲದೆ ಸುರುಳಿ ಸುತ್ತಿಕೊಂಡಿತ್ತು. ನಾದಿನಿ ದಾರದ ಎಳೆಯಷ್ಟು ಸಣ್ಣಗೆ ನೀರು ಬಿಟ್ಟಳು, ಜರಡಿಯಕ್ಕ ಬೇರನ್ನು ಬಿಡಿಸಿ ಬಟ್ಟಲಿಗೆ ಇಳಿಸಿದಳು. ಬೇರಿನ ಮೇಲೆ ಅಲ್ಲೊಂದು ಇಲ್ಲೊಂದು ಗಂಟು.

"ಮತ್ತೆ ಹಾಗೇ," ಎಂದಳು ನಾದಿನಿ. ಕೊಳವೆಯನ್ನು ನೆಲಕ್ಕೆ ಹಾಕಿ, ಮುಖ ತೊಳೆದುಕೊಂಡು ಬರುತ್ತೇನೆಂದು ಹೊರಗೆ ಹೋದಳು.

ಜರಡಿಯಕ್ಕ ಕೆಳಗಿನ ಜರಡಿಯನ್ನು ಎಳೆದುಕೊಂಡಳು. ಕಾಲು ಅಭ್ಯಾಸದಂತೆ ಗುಂಡಿಯ ಕಡೆ ಎರಡು ಹೆಜ್ಜೆ ಹಾಕಿತು. ಅಲ್ಲಿಂದ ಅವಳು ಹಿಂದಿರುಗಿ, ಜರಡಿಯನ್ನು ಶುದ್ಧ ನೀರಿನಲ್ಲಿ ಅದ್ದಿ, ಕಿಟಕಿಯ ಬಳಿಯ ಬಿಳಿ ತಟ್ಟೆಯ ಮೇಲೆ ಕವುಚಿದಳು. ಹರಳು, ಕಸ, ಬೇರಿನ ಚೂರು. ಎಲ್ಲವೂ ಒಂದೇ ಬಣ್ಣ. ಕಣ್ಣು ತಟ್ಟೆಗೆ ತಾಗುವಷ್ಟು ಬಗ್ಗಿ ಒಂದು ಉಂಡೆಯನ್ನು ಹೆಬ್ಬೆರಳ ಉಗುರಿನಡಿ ಒತ್ತಿದಳು. ಗಟ್ಟಿ. ಹರಳು. ಇನ್ನೊಂದು. ಅದೂ ಹರಳು. ಗಿಡವೇ ಉದುರಿಸಿದೆ, ಗಿಡವೇ, ಎಂದು ಮನಸ್ಸು ಜಪ ಮಾಡುತ್ತಿತ್ತು. ಮೂರನೆಯದು ಒಡೆಯಿತು. ಬೆರಳಿಗೆ ಏನೂ ತಿಳಿಯಲಿಲ್ಲ. ಕಣ್ಣಿಗೆ ತಿಳಿಯಿತು. ಒಳಗೆ ಗುಲಾಬಿ.

ಇನ್ನೊಂದು ಒಡೆದಳು, ಗುಲಾಬಿ. ಮತ್ತೊಂದು, ಅದೂ ಗುಲಾಬಿ. ಎಲ್ಲೋ ಒಂದೆರಡು ಕಂದು, ಟೊಳ್ಳು. ಉಳಿದವೆಲ್ಲ ಜೀವಂತ. ಅಷ್ಟು ದಿನ ನೀರಿಲ್ಲದೆ, ಎಲೆ ಮುದುಡಿಕೊಂಡು, ತಳದ ತೇವ ಹುಡುಕಿಕೊಂಡು ಹೋದ ಗಿಡ ತನ್ನ ಬಾಡಿಗೆದಾರರನ್ನು ಹೊರಗೆ ಹಾಕಿರಲಿಲ್ಲ. ಹಾಕಿದವಳು ಅವಳು, ಜರಡಿ ಜರಡಿಯಾಗಿ, ಗೋಡೆಯಾಚೆಗೆ.

ನಾದಿನಿ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾ ಒಳಗೆ ಬಂದಳು. ಕಣ್ಣು ಕೆಂಪಗಿತ್ತು.

"ಇಲ್ಲಿ ಬಾರೇ," ಎಂದಳು ಜರಡಿಯಕ್ಕ. "ಇದು ನೋಡು."

ನಾದಿನಿ ತಟ್ಟೆ ನೋಡಿದಳು. "ಎಲ್ಲಿತ್ತು ಇದು?"

"ಕೆಳಗಿನ ಜರಡೀಲಿ. ನಿನ್ನ ನೀರಲ್ಲ. ನಾನೇ ಎಸೀತಿದ್ದೆ. ಹರಳು ಯಾವ್ದು ಗಂಟು ಯಾವ್ದು ಅಂತ ನನಗೆ ತಿಳೀತಿಲ್ಲ ಕಣೇ. ಬೆರಳಿಗೆ ಏನೂ ತಿಳೀತಿಲ್ಲ. ಈ ಬೆಳೆ ಶುರು ಆದಾಗಿಂದ."

ನಾದಿನಿ ಅವಳ ಕೈಯನ್ನು ಎಳೆದುಕೊಂಡು, ನಡುಬೆರಳ ತುದಿಗೆ ತನ್ನ ಉಗುರನ್ನು ಊರಿ ಒತ್ತಿದಳು. ಕರುಣೆಯಿಂದ ಒತ್ತಿದ್ದಲ್ಲ. ಗುರುತು ಬೀಳುವಷ್ಟು ಒತ್ತಿದಳು.

"ನೋವಾಯ್ತಾ?"

"ಇಲ್ಲ."

"ಈಗ?"

"ಇಲ್ಲ ಕಣೇ."

ನಾದಿನಿ ಕೈ ಬಿಟ್ಟಳು. "ನನಗೆ ಊಟ ಸೇರ್ತಿಲ್ಲ ಅತ್ತಿಗೆ. ಇಲ್ಲಿಂದಾನೂ ಓಡಿಸ್ತಾರೆ ಅಂತ. ದಿನಾ ನಿಮ್ಮನ್ನೇ ಕೇಳ್ತಿದ್ದೆ, ಸರಿ ಇದೆಯಾ, ಸರಿ ಇದೆಯಾ ಅಂತ. ನೀವು ಹೂಂ ಅಂತ ಸುಮ್ನೆ ನಿಂತಿದ್ರಿ."

ಜರಡಿಯಕ್ಕ ನಾಚಿಕೆಯಿಂದ ಕುಗ್ಗಿದಳು. ಆಮೇಲೆ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ, ಬಿದ್ದೀತೆಂದು ಅದರ ಮೇಲೇ ಕಣ್ಣಿಟ್ಟು, ಮೇಡಂ ಕೋಣೆಯ ಕಡೆ ನಡೆದಳು. ಬಾಗಿಲ ಬಳಿ ಹೋದಾಗ ಹಿಂದೆ ಚಪ್ಪಲಿಯ ಸದ್ದು ಕೇಳಿತು. ನಾದಿನಿಯೂ ಬಂದಿದ್ದಳು. ಮುಖ ಊದಿಸಿಕೊಂಡೇ ಬಾಗಿಲು ತಳ್ಳಿ ಹಿಡಿದಳು.

ಮೇಡಂ ತಟ್ಟೆಯ ಮೇಲೆ ಬಗ್ಗಿದಳು. ಒಡೆದ ಗಂಟುಗಳನ್ನು ನೋಡಿದೊಡನೆ ಅವಳ ಮುಖ ಅರಳಿತು. "ಚುಕ್ಕೆದಾ? ಒಣ ಪೈಪಿಂದಾ?" ಎಂದಳು. ಜರಡಿಯಕ್ಕ ಹೌದೆಂದು, ನಡೆದದ್ದನ್ನು ಒಂದೂ ಬಿಡದೆ ಹೇಳಿದಳು. ಹೇಳುತ್ತಾ ಹೋದಂತೆ ಆ ಅರಳಿದ ಮುಖ ಮುಚ್ಚಿಕೊಂಡಿತು.

"ಈ ಮುಂಚೆ ತೊಳೆದವು?"

"ಗುಂಡಿಗೆ ಹೋಗಿವೆ ಮೇಡಂ."

"ಕೊಳೆತಿರುತ್ತೆ." ಮೇಡಂ ಕುರ್ಚಿಯಲ್ಲಿ ಕೂತು ಹಣೆ ತಿಕ್ಕಿಕೊಂಡಳು. "ಇಲ್ಲೀವರೆಗಿನ ಎಣಿಕೆ ಯಾವ್ದೂ ಉಪಯೋಗಕ್ಕೆ ಬರಲ್ಲ. ಚುಕ್ಕೆ ಕೆಲವು ಪೈಪು ಇನ್ನೂ ನಿಂತಿವೆ. ಅವು ಸಾಕಾಗುತ್ತೋ ಇಲ್ವೋ ನನಗೇ ಗೊತ್ತಿಲ್ಲ. ಹೇಳ್ಬೇಕಿತ್ತು ಅಕ್ಕ. ನೀವು ಒಂದು ಮಾತು ಹೇಳಿದ್ರೆ ಸಾಕಿತ್ತು."

"ಹೌದು," ಎಂದಳು ಜರಡಿಯಕ್ಕ. "ನನ್ನ ಜಾಗಕ್ಕೆ ಬೇರೆಯವರನ್ನ ನೋಡ್ಕೊಳ್ಳಿ. ಇವಳದು ಏನೂ ತಪ್ಪಿಲ್ಲ."

ಮೇಡಂ ನಾದಿನಿಯ ಕಡೆ ತಿರುಗಿ, "ನಿನ್ನ ಮೇಲೆ ಸುಮ್ನೆ ಅನುಮಾನ ಪಟ್ಟೆ ಕಣಮ್ಮ," ಎಂದಳು. ನಾದಿನಿ ತಲೆ ತಗ್ಗಿಸಿದಳು. ಇಂಥ ಮಾತನ್ನು ಅವಳು ಯಾವ ಕೆಲಸದಲ್ಲೂ ಕೇಳಿರಲಿಲ್ಲ, ಕೇಳಿದಾಗ ಏನು ಮಾಡಬೇಕೆಂದು ತಿಳಿಯಲಿಲ್ಲ.

"ಹೊಸಬರು ಯಾಕೆ ಮೇಡಂ," ಎಂದಳು ಕೊನೆಗೆ. "ಕಲಿಸೋಷ್ಟರಲ್ಲಿ ಪೈಪೆಲ್ಲ ಮುಗಿಯುತ್ತೆ. ನಾನು ಕೆಳಗೆ ಕೂತ್ಕೋತೀನಿ. ಇವರು ನೀರು ಬಿಡ್ಲಿ. ಹರಳೋ ಗಂಟೋ ಅಂತ ಇವರು ಹೇಳಿದ್ದನ್ನ ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ."

ಮೇಡಂ ಇಬ್ಬರನ್ನೂ ನೋಡಿ, ಈ ಪೈಪುಗಳು ಮುಗಿಯುವವರೆಗೆ ಹಾಗೇ ಆಗಲಿ ಎಂದಳು. ಮುಂದಿನ ಬೆಳೆಯ ಮಾತು ಎತ್ತಲಿಲ್ಲ. ಮೊದಲು ಡಾಕ್ಟರ ಬಳಿ ಹೋಗಿ ಎಂದಷ್ಟೇ ಜರಡಿಯಕ್ಕನಿಗೆ ಹೇಳಿದಳು.

ಡಾಕ್ಟರು ರಕ್ತ ತೆಗೆದರು, ಬೆರಳಿಗೆ ಸೂಜಿ ಚುಚ್ಚಿ ಕೇಳಿದರು, ಮಾತ್ರೆ ಬರೆದರು. ಬೆರಳು ಮೊದಲಿನಂತಾಗಬಹುದು, ಆಗದೆಯೂ ಇರಬಹುದು, ಇನ್ನೂ ಮುಂಚೆ ಬಂದಿದ್ದರೆ ಒಳ್ಳೆಯದಿತ್ತು ಎಂದರು. ಎಲ್ಲರೂ ಅವಳಿಗೆ ಇದೊಂದೇ ಮಾತನ್ನು ಹೇಳುತ್ತಿದ್ದರು. ಜೊತೆಗೆ ಬಂದಿದ್ದ ಗಂಡ ದಾರಿಯುದ್ದಕ್ಕೂ ಸೈಕಲ್ ತಳ್ಳಿಕೊಂಡು ನಡೆದ. ಮನೆ ಹತ್ತಿರ ಬಂದಾಗ, "ಬಾಣಲೆ ಹಿಡಿಗೂ ಟ್ಯೂಬು ಸುತ್ತಲಾ?" ಎಂದ. "ಸುತ್ತಿ," ಎಂದಳು.

ಮರುದಿನ ಚುಕ್ಕೆಯ ಮುಂದಿನ ಪೈಪು ಓರೆ ಮೇಜಿನ ಮೇಲೆ ಮಲಗಿತು. ನಾದಿನಿ ತಟ್ಟೆಯ ಮುಂದೆ ಕೂತು ತೋಳು ಮಡಚಿಕೊಂಡಳು. ಇನ್ನೂ ಅತ್ತಿಗೆಯ ಜೊತೆ ಸರಿಯಾಗಿ ಮಾತಾಡುತ್ತಿರಲಿಲ್ಲ. ಜರಡಿಯಕ್ಕ ಕೊಳವೆ ಹಿಡಿದು ನಲ್ಲಿ ತಿರುಗಿಸಿದಳು. ನೀರಿನ ರಭಸ ಎಷ್ಟೆಂದು ಕೈಗೆ ತಿಳಿಯಲಿಲ್ಲ. ಮಣ್ಣು ಕುಸಿದು ತಟ್ಟೆಗೆ ನುಗ್ಗಿತು.

"ಅತ್ತಿಗೆ, ಮೆಲ್ಲಗೆ," ಎಂದಳು ನಾದಿನಿ ತಲೆ ಎತ್ತದೆ. "ಬಟ್ಟೆ ಒಗೀತಿದೀರಾ?"

ಜರಡಿಯಕ್ಕ ನೀರು ತಗ್ಗಿಸಿದಳು. ನಾದಿನಿಯ ಬೆರಳುಗಳು ಕಂದು ನೀರಿನೊಳಗೆ ಹೋಗಿ ನಿಧಾನವಾಗಿ ಹುಡುಕತೊಡಗಿದವು.

"ಒಂದಿದೆ," ಎಂದಳು ನಾದಿನಿ. ತುಸು ಹೊತ್ತಿನ ಮೇಲೆ, "ಇನ್ನೊಂದು."

ಜರಡಿಯಕ್ಕ ಕೊಳವೆಯನ್ನು ಎರಡೂ ಕೈಯಲ್ಲಿ ಹಿಡಿದು, ಬೀಳುವ ನೀರಿನಿಂದ ಕಣ್ಣು ತೆಗೆಯದೆ ನಿಂತಳು.